ಮೊದಲ ಅಚ್ಚಿನ ಪ್ಲೇಟು

ಪ್ಲೇಟು ಕೂಡಿಸುವವನನ್ನು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ. ತುಂಗಭದ್ರೆಯ ದಂಡೆಯ ನಮ್ಮ ಸಿಂಗಟಾಲೂರಿನಲ್ಲಿ ಅದನ್ನು ಸುತ್ತುಬಳಸಿಲ್ಲದೆ ಕೇಳುತ್ತಾರೆ. ‘ಇದ ಹಾಡು ಮೊಬೈಲ್‌ನಾಗ ಪುಕ್ಕಟ ಬರತೈತಿ. ಅದೂ ಇಂಗ್ಲಿಷ್ ಹಾಡು. ಹಳೇ ಪ್ಲೇಟಿಗೆ ಇಷ್ಟ್ಯಾಕ ರೊಕ್ಕಾ ಸುರೀತಿ ತಮ್ಮಾ?’

ಕೇಳಿದವರು ನಮ್ಮ ಓಣಿಯ ಹಿರಿಯರು. ವೀರಭದ್ರೇಶ್ವರನ ಗುಡಿಯ ಮುಂದೆ ಪುರವಂತರ ಒಡಪು ಕೇಳುತ್ತ ಬೆಳೆದವರು. ಒಡಪು ಹೇಳುವವ ಒಂದು ಸೊಲ್ಲು ನುಂಗಿದರೂ ತಟ್ಟನೆ ತಲೆ ಎತ್ತಿ ನೋಡುವ ಕಿವಿ ಅವರದು. ಅಂಥವರಿಗೆ ಹಾರಿಕೆಯ ಉತ್ತರ ಕೊಡುವುದು ಸಲ್ಲದು. ಪಡಸಾಲೆಯ ಕಪಾಟಿನಲ್ಲಿ ಬೀಟಲ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಲಿನ್ ಸಾಲಾಗಿ ನಿಂತಿವೆ. ಕೆಳಗಿನ ಅರೆಯಲ್ಲಿ ಹಳೆಯ ಅರಗಿನ ತಟ್ಟೆಗಳು, ನಾಟಕದ ಹಾಡು, ವಚನ, ಖ್ಯಾಲು. ಎರಡೂ ಅರೆಗಳಿಗೆ ನನ್ನ ಉತ್ತರ ಒಂದೇ ಆಗಿದೆ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪ್ಲೇಟು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಸ್ಟುಡಿಯೋದಲ್ಲಿ ಹಿಡಿದ ಹಾಡನ್ನು ಒಬ್ಬ ಎಂಜಿನಿಯರು ಲ್ಯಾಕರ್ ಬಳಿದ ಮೆತ್ತನೆಯ ತಟ್ಟೆಯ ಮೇಲೆ ಗೀರುಗಳಾಗಿ ಕೊರೆಯುತ್ತಾನೆ. ಆ ತಟ್ಟೆಗೆ ಲೋಹದ ಲೇಪ ಹತ್ತಿಸಿ ಬಿಡಿಸಿದರೆ ಉಬ್ಬು ಅಚ್ಚು. ಅದರಿಂದ ‘ಮದರ್’ ಎಂಬ ತಾಯಿ ತಟ್ಟೆ, ತಾಯಿಯಿಂದ ಸ್ಟ್ಯಾಂಪರು. ಬಿಸಿ ವಿನೈಲನ್ನು ಎರಡು ಸ್ಟ್ಯಾಂಪರುಗಳ ನಡುವೆ ಇಟ್ಟು ಒತ್ತಿದಾಗ ಅಂಗಡಿಗೆ ಬರುವ ಪ್ಲೇಟು ಸಿದ್ಧ. ಒತ್ತುತ್ತ ಒತ್ತುತ್ತ ಸ್ಟ್ಯಾಂಪರು ಸವೆಯುತ್ತದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವ ಕಟ್ಟಿಗೆಯ ಅಚ್ಚುಗಳು ನಮ್ಮ ಕಡೆಯ ಮನೆಗಳಲ್ಲಿ ಇರುತ್ತವಲ್ಲ, ಅವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹೊಸ ಅಚ್ಚಿನ ಆನೆಗೆ ಕಣ್ಣು, ಕಿವಿ, ಅಂಬಾರಿಯ ಕುಸುರಿ ಎಲ್ಲವೂ ಇರುತ್ತವೆ. ಎರಡು ತಲೆಮಾರು ಎರೆದ ಅಚ್ಚಿನ ಆನೆಯೂ ಆನೆಯೇ, ಆದರೆ ಮುಖ ನುಣ್ಣಗಾಗಿರುತ್ತದೆ. ವರ್ಷಗಳು ಕಳೆದ ಮೇಲೆ ಮೂಲ ಟೇಪೂ ಹಳತಾಗಿ, ಅದರ ನಕಲಿನ ನಕಲಿನಿಂದ ಬೇರೊಬ್ಬ ಎಂಜಿನಿಯರು ಮತ್ತೆ ಕೊರೆದಾಗ ಆ ಮುಖ ಇನ್ನೂ ದೂರ ಸರಿಯುತ್ತದೆ. ಮೊದಲ ಅಚ್ಚು ಎಂದರೆ ಹಾಡಿದ ದಿನಕ್ಕೆ ಎಲ್ಲಕ್ಕಿಂತ ಹತ್ತಿರ ನಿಂತ ಪ್ಲೇಟು.

ಬೀಟಲ್ಸ್ ತಂಡದ ಮೊದಲ ಎಲ್‌ಪಿ ‘ಪ್ಲೀಸ್ ಪ್ಲೀಸ್ ಮಿ’ಯನ್ನೇ ತೆಗೆದುಕೊಳ್ಳಿ. 1963ರ ಫೆಬ್ರುವರಿ 11ರಂದು, ಒಂದೇ ದಿನದಲ್ಲಿ, ಅದರ 10 ಹಾಡುಗಳನ್ನು ಲಂಡನ್ನಿನಲ್ಲಿ ಹಿಡಿದರು. ಜಾನ್ ಲೆನನ್‌ಗೆ ಆ ದಿನ ಜೋರು ನೆಗಡಿ. ಎಲ್ಲಕ್ಕಿಂತ ಒರಟಾಗಿ ಕೂಗಿ ಹಾಡಬೇಕಿದ್ದ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ಬೇಕೆಂತಲೇ ರಾತ್ರಿ ಕೊನೆಗೆ ಇಟ್ಟುಕೊಂಡರು, ಮೊದಲೇ ಹಾಡಿದರೆ ಗಂಟಲು ಉಳಿದ ಹಾಡುಗಳಿಗೆ ಸಿಗುತ್ತಿರಲಿಲ್ಲ. ಆ ಹರಿದ ಗಂಟಲು ಆ ರಾತ್ರಿಯದು. ಮಾರ್ಚ್ 22ಕ್ಕೆ ಪ್ಲೇಟು ಅಂಗಡಿಗೆ ಬಂತು; ಮೊದಲ ಪ್ರತಿಗಳಿಗೆ ಕಪ್ಪು ಮೈಮೇಲೆ ಚಿನ್ನದ ಬಣ್ಣದ ಅಕ್ಷರದ ಪಾರ್ಲೋಫೋನ್ ಲೇಬಲ್ಲು. ಸ್ವಲ್ಪ ದಿನದಲ್ಲೇ ಕಂಪನಿ ಕಪ್ಪು ಲೇಬಲ್ಲಿನ ಮೇಲಿನ ಚಿನ್ನದ ಬಣ್ಣ ಬಿಟ್ಟು ಹಳದಿ ಹಾಕಿತು. ಕಪ್ಪು-ಚಿನ್ನದ ಪ್ರತಿಗಾಗಿ ಲೋಕವೆಲ್ಲ ಹುಡುಕುತ್ತದೆ, ಏಕೆಂದರೆ ಆ ನೆಗಡಿ ಹಿಡಿದ ಗಂಟಲಿಗೆ ಅದಕ್ಕಿಂತ ಹತ್ತಿರ ಹೋಗುವ ದಾರಿ ಪೇಟೆಯಲ್ಲಿ ಇಲ್ಲ.

ಇದು ಮೊದಲ ಅಚ್ಚೇ ಎಂದು ಗುರುತಿಸುವುದು ಹೇಗೆ? ಹೊದಿಕೆಯ ಚಿತ್ರ ನಂಬುವಂಥದ್ದಲ್ಲ, ಚಿತ್ರವನ್ನು ಯಾರು ಯಾವಾಗ ಬೇಕಾದರೂ ಮತ್ತೆ ಮುದ್ರಿಸಬಹುದು. ಪ್ಲೇಟನ್ನು ಅಂಚಿನಿಂದ ಎರಡೂ ಅಂಗೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಒಯ್ಯಬೇಕು. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಒಂದು ಬೆರಳಗಲದ ನುಣುಪು ಜಾಗ ಉಳಿಯುತ್ತದೆ. ಬೆಳಕು ಓರೆಯಾಗಿ ಬೀಳುವಂತೆ ಮೆಲ್ಲಗೆ ವಾಲಿಸಿದರೆ ಕಪ್ಪಿನೊಳಗಿಂದ ಅಕ್ಷರಗಳು ಎದ್ದು ಬರುತ್ತವೆ. ಮ್ಯಾಟ್ರಿಕ್ಸ್ ಸಂಖ್ಯೆ, ಅದರ ಕೊನೆಗೆ ಒಂದು ಗೆರೆ ಎಳೆದು 1 ಎಂದಿದ್ದರೆ ಮೊದಲ ಸಲ ಕೊರೆದದ್ದು. ಇಎಂಐ ಕಂಪನಿಯ ಹಳೆಯ ಇಂಗ್ಲಿಷ್ ಪ್ಲೇಟುಗಳಲ್ಲಿ ಲೇಬಲ್ಲಿನ ಎಡಕ್ಕೆ ತಾಯಿ ತಟ್ಟೆಯ ಅಂಕಿ, ಬಲಕ್ಕೆ ಸ್ಟ್ಯಾಂಪರಿನ ಗುರುತಿನ ಒಂದೋ ಎರಡೋ ಅಕ್ಷರ ಇರುತ್ತವೆ. ಆ ಅಕ್ಷರಗಳಿಗೆ ಒಂದು ಕೀಲಿಯಿದೆ. ‘ಗ್ರಾಮೋಫೋನ್ ಲಿಮಿಟೆಡ್’ ಎಂಬ ಇಂಗ್ಲಿಷ್ ಹೆಸರಿನಿಂದ ಹತ್ತು ಅಕ್ಷರ ಹೆಕ್ಕಿ ಜಿ ಎಂದರೆ 1, ಆರ್ ಎಂದರೆ 2, ಎ ಎಂದರೆ 3, ಹೀಗೆ ಡಿ ಎಂದರೆ ಸೊನ್ನೆಯವರೆಗೆ ಕಾರ್ಖಾನೆಯವರು ಲೆಕ್ಕ ಇಟ್ಟಿದ್ದರು. ಎಡಕ್ಕೆ 1, ಬಲಕ್ಕೆ ಒಂಟಿ ಜಿ ಕಂಡರೆ ಮೊದಲ ತಾಯಿಯ ಮೊದಲ ಸ್ಟ್ಯಾಂಪರು. ಕಪ್ಪತಗುಡ್ಡದ ಮೇಲಿಂದ ಇಳಿಯುವ ಸಂಜೆಯ ಬಿಸಿಲು ನಮ್ಮ ಕಿಟಕಿಗೆ ಓರೆಯಾಗಿ ಬೀಳುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಎಂದೋ ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಹೆಸರಿಲ್ಲದ ಒಬ್ಬ ಕೆಲಸಗಾರ ಸಣ್ಣ ಸುತ್ತಿಗೆಯಿಂದ ಕುಟ್ಟಿದ ಆ ಒಂದು ಅಕ್ಷರವನ್ನು ಹೊಳೆದಂಡೆಯ ಊರಿನಲ್ಲಿ ಕೂತು ಓದುವುದು ನನಗೆ ಇಂದಿಗೂ ದೊಡ್ಡ ಸಂಗತಿ.

ಕೊರೆದವನ ಕೈಯನ್ನು ಪ್ಲೇಟು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಸಂಗ್ರಾಹಕರೆಲ್ಲ ಹೇಳುವ ಕತೆ ಲೆಡ್ ಜೆಪ್ಲಿನ್ ತಂಡದ ಎರಡನೆಯ ಎಲ್‌ಪಿಯದು. 1969ರಲ್ಲಿ ಅಮೆರಿಕದಲ್ಲಿ ಅದನ್ನು ಮೊದಲು ಕೊರೆದವರು ಬಾಬ್ ಲಡ್ವಿಗ್. ಡೋಲು, ಬೇಸ್‌ಗಳ ಹೊಡೆತವನ್ನು ಕುಗ್ಗಿಸದೆ ಇದ್ದದ್ದು ಇದ್ದಂತೆ ಗೀರಿಗೆ ಇಳಿಸಿದರು. ಅಟ್ಲಾಂಟಿಕ್ ಕಂಪನಿಯವರು ಒಂದು ಸಣ್ಣ ಪ್ಲೇಯರಿನ ಮೇಲೆ ಆ ಪ್ಲೇಟು ಇಟ್ಟಾಗ ಮುಳ್ಳು ಎಗರಿತಂತೆ. ಕಂಪನಿ ಆ ಕೊರೆತವನ್ನು ಬಿಟ್ಟು ದನಿ ತಗ್ಗಿಸಿ ಬೇರೆ ಕೊರೆಸಿತು. ಮೊದಲ ಕೊರೆತದ ಪ್ರತಿಗಳಲ್ಲಿ ಆರ್‌ಎಲ್ ಎಂಬ ಲಡ್ವಿಗ್ ಅವರ ಗುರುತಿನ ಎರಡು ಅಕ್ಷರ ಆ ನುಣುಪು ಜಾಗದಲ್ಲಿ ಗೀಚಿರುತ್ತವೆ. ಎರಡನ್ನೂ ಒಂದಾದ ಮೇಲೊಂದು ಕೇಳಿದವರಿಗೆ ಮತ್ತೆ ವಾದ ಮಾಡಬೇಕಾಗಿಲ್ಲ, ಡೋಲು ಎದೆಗೆ ಬಂದು ಬಡಿಯುತ್ತದೆ.

ಈ ಹವ್ಯಾಸದ ಇನ್ನೊಂದು ಮುಖ ಹರಾಜಿನದು. ಬೀಟಲ್ಸ್‌ನ ಬಿಳಿ ಹೊದಿಕೆಯ 1968ರ ಆಲ್ಬಮ್ಮಿಗೆ ಕ್ರಮಸಂಖ್ಯೆ ಹಾಕಿದ್ದರು. ರಿಂಗೊ ಸ್ಟಾರ್ ಬಳಿಯಿದ್ದ 1ನೇ ಸಂಖ್ಯೆಯ ಪ್ರತಿ 2015ರಲ್ಲಿ 7,90,000 ಡಾಲರಿಗೆ ಹೋಯಿತು. ಕೊಂಡವರ ಸಂತೋಷ ಅವರದು. ಆದರೆ ಬ್ಯಾಂಕಿನ ಲಾಕರಿನಲ್ಲಿ ಮಲಗಿರುವ ಪ್ಲೇಟನ್ನು ನಾನು ಸಂಗ್ರಹ ಎಂದು ಒಪ್ಪಲಾರೆ. ಗೀರು ಇರುವುದು ಮುಳ್ಳಿಗಾಗಿ. ಕೇಳದೆ ಇಟ್ಟ ಪ್ಲೇಟಿನಲ್ಲಿ ಯಾರೂ ಹಾಡುತ್ತಿಲ್ಲ.

ಇನ್ನು ನಮ್ಮ ನೆಲದ ಮಾತು. ಲೋಕದ ಬೀಟಲ್ಸ್ ಸಂಗ್ರಾಹಕರು ಇಂದಿಗೂ ಆಸೆಪಟ್ಟು ಹುಡುಕುವ ಒಂದು ವಸ್ತು ಇಂಗ್ಲೆಂಡಿನಲ್ಲಿ ತಯಾರಾಗಲೇ ಇಲ್ಲ. ತಯಾರಾದದ್ದು ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ. ಬೀಟಲ್ಸ್ ತಂಡ ಮೊದಲ ಪ್ಲೇಟು ಹೊರತಂದದ್ದು 1962ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡು ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳನ್ನು ಕೈಬಿಟ್ಟಾಗಿತ್ತು. ನಮ್ಮ ದೇಶದಲ್ಲಿ ಕರೆಂಟಿಲ್ಲದ ಮನೆಗಳು, ಚಾವಿ ತಿರುವಿ ನಡೆಸುವ ಗ್ರಾಮೊಫೋನುಗಳು ಇನ್ನೂ ಇದ್ದವು. ಆ ಯಂತ್ರಗಳಿಗೆಂದು ಗ್ರಾಮೊಫೋನ್ ಕಂಪನಿ ಆಫ್ ಇಂಡಿಯಾ 1960ರ ದಶಕದ ನಡುವಿನ ವರ್ಷಗಳಲ್ಲಿ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ನಂಥ ಬೀಟಲ್ಸ್ ಹಾಡುಗಳನ್ನು 78ರ ವೇಗದಲ್ಲಿ, ಅರಗಿನಲ್ಲಿ ಒತ್ತಿತು. ಛೋಟಾ ನಾಗಪುರದ ಕಾಡಿನ ಅರಗಿನ ಹುಳು ಕಟ್ಟಿದ ಗೂಡು, ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ. ಅದರ ಮೇಲೆ ಲಿವರ್‌ಪೂಲಿನ ನಾಲ್ಕು ಹುಡುಗರ ದನಿ. ಇಂಥ ಜೋಡಣೆ ಎಲ್ಲಿ ಬೇಕಾದರೂ ಆಗುವಂಥದ್ದಲ್ಲ.

ಅಂಥದೊಂದು ಪ್ಲೇಟು ನನ್ನ ಹತ್ತಿರವಿದೆ. ಬಂದದ್ದು ಲಂಡನ್ನಿನಿಂದಲ್ಲ, ಹುಬ್ಬಳ್ಳಿಯ ಗದಗ ರಸ್ತೆಯಿಂದ. ರೈಲ್ವೆ ವರ್ಕ್‌ಶಾಪಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಡಿಸೆಂಬರ್ ಬಂದರೆ ಕುಣಿತ, ಅದಕ್ಕೆ ಇಂಗ್ಲಿಷ್ ಪ್ಲೇಟು. ಮಕ್ಕಳು ಪರದೇಶಕ್ಕೆ ಹೋಗಿ ಮನೆ ಖಾಲಿ ಮಾಡುವಾಗ ಅವೆಲ್ಲ ಗುಜರಿಗೆ ಬಂದವು. ನನ್ನ ಪ್ರತಿಯ ಒಂದು ಮೈ ಉಕ್ಕಿನ ಮುಳ್ಳು ತಿಂದು ಬೂದಿಯ ಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ಕೂದಲೆಳೆಯ ಬಿರುಕಿದೆ. ಹಾಡುವಾಗ ಆ ಬಿರುಕು ಪ್ರತಿ ಸುತ್ತಿಗೂ ‘ಟಕ್’ ಎನ್ನುತ್ತದೆ, ಅದರ ಹಿಂದೆ ಹುಡುಗರ ದನಿ ಬೆಂಕಿಯ ಹಾಗೆ ಎದ್ದು ನಿಲ್ಲುತ್ತದೆ. ಎಲ್‌ಪಿಯಲ್ಲಿ ಕೇಳಿದ ಹಾಡೇ, ಆದರೆ 78ರ ವೇಗದಲ್ಲಿ ಗೀರು ಉದ್ದ, ದನಿಗೆ ಮೈ ಹೆಚ್ಚು. ಕುಣಿದವರ ಕಾಲಡಿಯ ಹಲಗೆಯೂ ಅದರಲ್ಲಿ ಕೇಳಿಸುತ್ತದೆ ಎಂದು ನನಗೆ ಅನಿಸುವುದುಂಟು.

ಆ ಹಾಡಿನ ಪ್ಲೇಟು ಆಗ ತುಂಗಭದ್ರೆಯ ದಂಡೆಯವರೆಗೆ ಬಂದಿರಲಾರದು. ಆದರೆ ಪ್ಲೇಟು ಎಂಬ ವಸ್ತು ಒಂದು ಜೀವವನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಯಾರೂ ಕೊಡಲಾರರು. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಒಬ್ಬ ಹುಡುಗ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟು ಕೇಳಿದ. ಮೂರು ನಿಮಿಷದ ಮಾತು. ಹಾಗೆ ಹಾಡಬೇಕು ಎಂಬ ಹಟ ಹತ್ತಿತು. 1933ರಲ್ಲಿ, 11ರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿ ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ ಬಂದ. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಭೀಮಸೇನ ಜೋಶಿ ಎಂಬ ಹೆಸರು ಮುಂದೆ ಎಲ್ಲಿಗೆ ಮುಟ್ಟಿತು ಎಂದು ನಾನು ಹೇಳಬೇಕಾಗಿಲ್ಲ. ಅಂದು ಆ ಅಂಗಡಿಯಲ್ಲಿ ತಿರುಗಿದ ಪ್ಲೇಟು ಎಲ್ಲಿ ಹೋಯಿತೋ. ಸಿಕ್ಕರೆ ಅದಕ್ಕೆ ಬೆಲೆ ಕಟ್ಟುವವರು ಯಾರು?

ಮೊದಲ ಅಚ್ಚಿನ ಮಹತ್ವವನ್ನು ನಾನು ಪೂರ್ತಿ ತಿಳಿದದ್ದು ಬೀಟಲ್ಸ್‌ನಿಂದಲೂ ಅಲ್ಲ, ಗಂಗೂಬಾಯಿ ಹಾನಗಲ್ಲರಿಂದ. 1930ರ ದಶಕದಲ್ಲಿ ಅವರ ಮೊದಲ ಪ್ಲೇಟುಗಳು ಎಚ್‌ಎಂವಿಯಿಂದ ಬಂದಾಗ ಲೇಬಲ್ಲಿನ ಮೇಲೆ ಇದ್ದ ಹೆಸರು ಹುಬ್ಬಳ್ಳಿಯ ಗಾಂಧಾರಿ ಎಂದು. ನಮಗೆಲ್ಲ ಗೊತ್ತಿರುವ ಗಂಗೂಬಾಯಿಯವರ ದನಿ ಗಂಭೀರ, ಗಂಡುದನಿಯಷ್ಟು ಆಳದ್ದು. ಆ ಪ್ಲೇಟಿನಲ್ಲಿ ಕೇಳುವುದು ಎಳೆಯ, ತೆಳು, ಮೇಲಿನ ಷಡ್ಜಕ್ಕೆ ಸಲೀಸಾಗಿ ಏರಿ ಇಳಿಯುವ ಹೆಣ್ಣುಮಗಳ ಕಂಠ. ನಡುವೆ ಗಂಟಲಿನ ಚಿಕಿತ್ಸೆಯಾಗಿ ದನಿ ಬದಲಾಯಿತು, ಬದಲಾದ ದನಿಯನ್ನೇ ಅವರು ಸಾಧನೆಯಿಂದ ಮಹಾ ದನಿಯನ್ನಾಗಿ ಮಾಡಿಕೊಂಡರು. ಹಳೆಯ ಕಂಠ ಯಾವ ಎಲ್‌ಪಿಯಲ್ಲೂ ಹೊಸದಾಗಿ ಸಿಗುವಂತಿಲ್ಲ. ಅದು ಇರುವುದು ಗಾಂಧಾರಿಯ ಆ ಅರಗಿನ ತಟ್ಟೆಗಳಲ್ಲಿ. ಮೊದಲ ಸಲ ಕೇಳಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ಬಂದು ಪಡಸಾಲೆಯಲ್ಲಿ ಕೂತರು. ಮುಗಿದ ಮೇಲೆ ಯಾರೂ ಏಳಲಿಲ್ಲ, ‘ಇನ್ನೊಮ್ಮೆ ಹಚ್ಚು’ ಎಂದರು.

ಇದೇ ಎಚ್‌ಎಂವಿಯ ಮುಂಬಯಿ ಸ್ಟುಡಿಯೋಕ್ಕೆ 1968ರ ಜನವರಿಯಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬಂದು, ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು ‘ವಂಡರ್‌ವಾಲ್ ಮ್ಯೂಸಿಕ್’ನ ಭಾಗಗಳನ್ನೂ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಗಳನ್ನೂ ಹಿಡಿದು ಒಯ್ದರು. ನನ್ನ ಕಪಾಟಿನ ಎರಡು ಅರೆಗಳ ನಡುವೆ ಇರುವುದು ಒಂದು ಹಲಗೆ ಮಾತ್ರ; ಬೀಟಲ್ಸ್ ಪ್ಲೇಟಿಗೂ ಗಾಂಧಾರಿಯ ಪ್ಲೇಟಿಗೂ ಮೂಲ ಕಂಪನಿ ಒಂದೇ. ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬೆಂಗಳೂರಿಗೆ ಬಂದು ಹಾಡಿದಾಗ ನಮ್ಮ ಕಡೆಯ ಹುಡುಗರೂ ರಾತ್ರಿ ಬಸ್ಸು ಹಿಡಿದು ಹೋಗಿದ್ದರು. ಗುಡಿಯ ಕರಡಿ ಮಜಲು ಕೇಳಿ ಬೆಳೆದವನಿಗೆ ರಾಕ್ ಸಂಗೀತದ ಡೋಲು ಪರಕೀಯ ಎನ್ನುವವರ ಮಾತು ನನಗೆ ಎಂದೂ ಸರಿ ಕಂಡಿಲ್ಲ.

ಹಿಂದೆ ಹೋದಷ್ಟೂ ಮೊದಲ ಅಚ್ಚಿನ ಬೆಲೆ ಏರುತ್ತದೆ, ಏಕೆಂದರೆ ಬೇರೆ ಏನೂ ಉಳಿದಿರುವುದಿಲ್ಲ. 1902ರ ನವೆಂಬರಿನಲ್ಲಿ ದನಿ ಹಿಡಿಯುವ ಎಂಜಿನಿಯರು ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದಾಗ ತಟ್ಟೆ ಒತ್ತುವ ಕಾರ್ಖಾನೆ ನಮ್ಮಲ್ಲಿ ಇರಲಿಲ್ಲ. ಅಚ್ಚುಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಮರಳಿದವು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಲೆಂದು ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಆ ಗಾಯಕಿ ಕೊನೆಗೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿ 17ರಂದು ಅಲ್ಲಿಯೇ ಕಣ್ಣು ಮುಚ್ಚಿದರು. ಆಸ್ತಿ, ಬಂಗಲೆ, ಸಾರೋಟು ಯಾವುದೂ ಉಳಿಯಲಿಲ್ಲ. ತನ್ನ ಹೆಸರು ಕೂಗುವ ಆ ದನಿ ಉಳಿದಿದೆ.

ನಮ್ಮ ಊರುಗಳಲ್ಲಿ ಹಳೆಯ ಪ್ಲೇಟು ಅಪರೂಪವಾದದ್ದೇಕೆ? ಜನ ಅವನ್ನು ಬಹಳ ಪ್ರೀತಿಸಿದ್ದೇ ಕಾರಣ. ಊರಿಗೊಂದು ಮೈಕ್ ಸೆಟ್ಟು ಇರುತ್ತಿತ್ತು. ಮದುವೆ, ಕುಬಸ, ಜಾತ್ರೆ, ನಾಟಕದ ತಾಲೀಮು ಎಲ್ಲಕ್ಕೂ ಬೆಳಗಿನ ಜಾವದಿಂದ ಪ್ಲೇಟು. ಗಿಡಕ್ಕೆ ಕಟ್ಟಿದ ಕಹಳೆಯ ದನಿ ಹೊಳೆ ದಾಟಿ ಆಚೆ ದಂಡೆಯ ಊರಿಗೆ ಕೇಳಬೇಕು, ಇಲ್ಲವಾದರೆ ಮದುವೆ ಮಾಡಿದ ಹಾಗೆಯೇ ಅಲ್ಲ. ಉಕ್ಕಿನ ಮುಳ್ಳನ್ನು ಪ್ರತಿ ಮೈಗೂ ಬದಲಿಸಬೇಕು ಎಂಬುದು ನಿಯಮ. ಮುಳ್ಳು ದುಡ್ಡಿಗೆ ಬರುವಂಥದ್ದು, ಬದಲಿಸುವವರು ಎಷ್ಟು ಜನ? ಎರೆಮಣ್ಣಿನ ಧೂಳು ಬೇರೆ ಗೀರಿನಲ್ಲಿ ಕೂತು ಅರೆಯುತ್ತಿತ್ತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಅವರ ಅಕ್ಕ ಗೋಹರ್‌ಬಾಯಿ, ಮಲ್ಲಿಕಾರ್ಜುನ ಮನ್ಸೂರರ ಎಳೆಯ ವಯಸ್ಸಿನ ಪ್ಲೇಟುಗಳು ಹೀಗೆ ಮದುವೆಯ ಹಂದರಗಳಲ್ಲಿ ಸವೆದು ಹೋದವು. ಸವೆದದ್ದಕ್ಕೆ ನನಗೆ ದುಃಖವಿಲ್ಲ, ಅವು ಬದುಕಿ ಸವೆದವು. ನನ್ನ ಸಂಕಟ ಸವೆಯದೆ ಉಳಿದು ಅಟ್ಟದ ಮೇಲೆ ಬಿದ್ದಿರುವವುಗಳ ಬಗ್ಗೆ. ಮನೆ ಕೆಡವಿ ಸ್ಲ್ಯಾಬು ಹಾಕುವಾಗ ಅವನ್ನು ಹಂಚಿನ ಚೂರುಗಳ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸುತ್ತಾರೆ.

ರಾಕ್ ಪ್ಲೇಟಿನ ಸಂಗ್ರಾಹಕರು ಲೋಕದಾದ್ಯಂತ ಕೂತು ಒಂದೊಂದು ಅಕ್ಷರ, ಒಂದೊಂದು ಲೇಬಲ್ಲಿನ ಬಣ್ಣ, ಒಂದೊಂದು ಹೊದಿಕೆಯ ಅಂಟು ಬರೆದಿಟ್ಟಿದ್ದಾರೆ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಡಾರ್ಕ್ ಸೈಡ್ ಆಫ್ ದಿ ಮೂನ್’ನ ಮೊದಲ ಇಂಗ್ಲಿಷ್ ಅಚ್ಚಿನ ಲೇಬಲ್ಲಿನಲ್ಲಿ ತ್ರಿಕೋನ ತುಂಬು ನೀಲಿ ಬಣ್ಣದ್ದು, ಮುಂದಿನವುಗಳಲ್ಲಿ ಬರೀ ಗೆರೆ ಎಂದು ಹತ್ತನೇ ಇಯತ್ತೆಯ ಹುಡುಗನೂ ಹೇಳಬಲ್ಲ. ನಮ್ಮ ಹುಬ್ಬಳ್ಳಿಯ ಗಾಂಧಾರಿಯ ಪ್ಲೇಟಿನ ನುಣುಪು ಜಾಗದಲ್ಲಿ ಏನು ಬರೆದಿದೆ ಎಂದು ಹೇಳಬಲ್ಲವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಕಟ್ಟಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುತ್ತಿದೆ, ಅದು ದೊಡ್ಡ ಕೆಲಸ. ಆದರೆ ಅಟ್ಟ ಹತ್ತುವ ಕೆಲಸ ಊರಿನವರೇ ಮಾಡಬೇಕು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳೆಯ ಮನೆಗಳಲ್ಲಿ ಏನಿದೆ ಎಂಬುದು ಆ ಮನೆಯವರಿಗಷ್ಟೇ ಗೊತ್ತಾಗಬಲ್ಲ ಸಂಗತಿ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಪ್ಲೇಟುಗಳಿದ್ದರೆ ಮೊದಲು ಅವನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದನ್ನು ಬಿಡಿಸಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ. ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಮೆತ್ತನೆಯ ಅರಿವೆಯಿಂದ, ಲೇಬಲ್ಲು ತೋಯದಂತೆ, ಗೀರಿನ ಸುತ್ತಿನಗುಂಟ ಒರೆಸಿ. ಎಲ್‌ಪಿಯ ಸಣ್ಣ ಮುಳ್ಳಿನಿಂದ 78ರ ಪ್ಲೇಟು ಹಚ್ಚಬೇಡಿ, ಅದರ ಗೀರು ಅಗಲ, ಅದಕ್ಕೆ ಬೇರೆ ಮುಳ್ಳು ಸಿಗುತ್ತದೆ. ಆಮೇಲೆ ಕಿಟಕಿಯ ಬಳಿ ಹಿಡಿದು ಲೇಬಲ್ಲಿನ ಹೆಸರು, ಸಂಖ್ಯೆ, ನುಣುಪು ಜಾಗದ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ಲೇಟಿನ ಜೊತೆಗೇ ಇಡಿ. ಮಾರಲೇಬೇಕಾದರೆ ತೂಕಕ್ಕೆ ಮಾರಬೇಡಿ, ಕೇಳುವವರಿಗೆ ಕೊಡಿ.